ತೆಂಕಲಿಗೆ ವಾಲಿದ್ದು

ಲಷ್ಕರ್ ಮೊಹಲ್ಲಾದ ಎಸ್ತರಮ್ಮನ ಹಿತ್ತಲಲ್ಲಿ
ಮೂರಾಳು ಮನೆಯೆತ್ತರದ ಒಂದು ಮರ, ಸೊಟ್ಟ.
ಬೆಟ್ಟದ ಕಡೀಕೇ ಬಾಗ್ಕೊಂಡದೆ ನೋಡಿ ಸ್ವಾಮಿ,
ತಾಯ್ಗೆ ಕೈಮುಗೀತದೆ, ಅಂತಾನೆ ಹಾಲಿನ ಚೆನ್ನಿಗ.
ಎಸ್ತರಮ್ಮ ನಗುತ್ತಾರೆ. ಡಿಸೆಂಬರು ಬಂದರೆ
ಅದೇ ಮರಕ್ಕೆ ಕಾಗದದ ನಕ್ಷತ್ರ ಕಟ್ಟುತ್ತಾರೆ.

ನಾನು ಮೂವತ್ತೊಂದು ವರ್ಷ
ಗಂಗೋತ್ರಿಯ ನೆಲಮಾಳಿಗೆಯಲ್ಲಿ ಕಲ್ಲು ಅರೆದವನು.
ರಾಜಮಹಲ್ ಗುಡ್ಡದಿಂದ ಗೋಣಿಚೀಲದಲ್ಲಿ
ರೈಲು ಹತ್ತಿ ಬರುತ್ತಿದ್ದವು ಕಲ್ಲಾದ ಮರಗಳು,
ನಮ್ಮ ನೆಲ ತೆಂಕಣ ಭೂಮಿಯಿಂದ ಕಿತ್ತುಕೊಂಡು
ಬಡಗಲಿಗೆ ತೇಲುತ್ತಿದ್ದ ಕಾಲದವು.
ಕೊಯ್ದು, ಗಾಜಿಗಂಟಿಸಿ, ಕುರುಂದದ ಪುಡಿಯಲ್ಲಿ ಉಜ್ಜಿ ಉಜ್ಜಿ,
ಕೆಳಗಿಟ್ಟ ಪತ್ರಿಕೆಯ ಅಕ್ಷರ ಕಾಣುವ ತನಕ.
ಹದ ತಪ್ಪಿತೋ, ಹನ್ನೆರಡು ಕೋಟಿ ವರ್ಷ
ಬೆರಳ ತುದಿಯ ಕೆಸರು.
ಹಾಗೆ ಎಷ್ಟು ಕಾಲ ತೊಳೆದುಕೊಂಡಿದ್ದೇನೋ
ಲೈಫ್‌ಬಾಯ್ ಹಾಕಿ!

ಇಲ್ಲಿಯ ಕಲ್ಲು ಯಾಕೆ ತರೋದಿಲ್ಲ ಸಾರ್,
ಅಂದಿದ್ದೆ ಸೇರಿದ ಹೊಸತರಲ್ಲಿ.
ಮುದ್ದುಮಲ್ಲಪ್ಪ ಮೇಷ್ಟ್ರು ಹೊರಗೆ ಕರೆದೊಯ್ದು
ಬೆಟ್ಟ ತೋರಿಸಿದರು:
ಅದು ಕುದಿದು ಆರುವ ಹೊತ್ತಿಗೆ, ಅಯ್ಯಾ,
ಮರ ಅನ್ನೋ ಮಾತೇ ಇರಲಿಲ್ಲ.

ಮೊನ್ನೆ ಕರೆಂಟಿನವರು ಬಂದು
ತಂತಿಗೆ ತಾಕಿದ ಕೊಂಬೆಗಳನ್ನು ಕಡಿದರು.
ಎಲೆ ಎಂದರೆ ಎಲೆಯಲ್ಲ ಅದರದು, ಹೆಣೆದ ಹಸಿರು ಹುರಿ.
ಜಡೆ ಜಡೆಯಾಗಿ ಉದುರಿತು.
ಬಾಚಣಿಗೆ ಹಿಡಿದು ಬಂದವರ ಹಾಗೆ
ಎಸ್ತರಮ್ಮ ಎಲ್ಲವನ್ನೂ ಒಂದೇ ದಿಕ್ಕಿಗೆ ಜೋಡಿಸಿಟ್ಟರು.
ಬೈಯಲಿಲ್ಲ, ಅಳಲಿಲ್ಲ.
ನಾನೊಂದು ಚಕ್ಕೆ ಜೇಬಿಗೆ ಹಾಕಿಕೊಂಡೆ.

ಮನೆಯಲ್ಲಿ ಹಳೆಯ ಸೂಕ್ಷ್ಮದರ್ಶಕ, ಬ್ಲೇಡು, ಒಂದು ಹನಿ ನೀರು.
ಅವೇ.
ಜೇನುಹಟ್ಟಿಯ ಹಾಗೆ ಆರು ಮೂಲೆ, ಒತ್ತೊತ್ತು,
ನೀರು ದಾಟಿಸುವ ಕಿಂಡಿಗಳು.
ಕಲ್ಲಿನಲ್ಲಿ ಎಣಿಸಿ ಎಣಿಸಿ ಬೇಸತ್ತಿದ್ದೆನಲ್ಲ,
ಇಲ್ಲಿ ಇನ್ನೂ ಒದ್ದೆ.
ಕಣ್ಣು ತೆಗೆಯಲಾಗಲಿಲ್ಲ.
ಒಲೆಯ ಮೇಲೆ ಅನ್ನ ಸೀದಿತು.

ಬೆಳಿಗ್ಗೆ ಚೆನ್ನಿಗನನ್ನು ಹಿಡಿದು ಹೇಳಿದೆ:
ಈ ಜಾತಿ ಎಲ್ಲೇ ನೆಟ್ಟರೂ ಸಮಭಾಜಕದತ್ತ ವಾಲುತ್ತದಂತೆ,
ಕಡಲಾಚೆಯ ತನ್ನ ದ್ವೀಪದಲ್ಲಿ ಬಡಗಲಿಗೆ,
ನಮ್ಮಲ್ಲಿ ತೆಂಕಲಿಗೆ.
ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ.
ಬೆಟ್ಟಕ್ಕಲ್ಲಪ್ಪ, ಭೂಮಿಯ ನಡುಗೆರೆಗೆ.

ಅವನು ಕ್ಯಾನಿನ ಮುಚ್ಚಳ ತಿರುವುತ್ತ
ಮರವನ್ನು ಬುಡದಿಂದ ತುದಿವರೆಗೆ ನೋಡಿದ.
ಅಂಗಾದ್ರೆ ಬೆಟ್ಟ
ದಾರೀಲಿ ಸಿಕ್ತು ಅಷ್ಟೆ, ಅನ್ನಿ.