ಅಂಗೈಯಗಲದ ಸ್ಯಾಂಪಲ್

ಗೋಣಿಕೊಪ್ಪದ ಮಾರ್ಬಲ್ ಅಂಗಡಿಯವನು
ಅಂಗೈಯಗಲದ ಒಂದು ಚೂರು ಕೊಟ್ಟ, ಪುಕ್ಕಟೆ.
ಬಿಳಿ. ಒಳಗೊಂದು ಬೂದು ಗೆರೆ,
ನಿದ್ದೆಹೋದ ಕೂಸಿನ ರೆಪ್ಪೆಯ ಮೇಲೆ
ನರ ಕಾಣುತ್ತದಲ್ಲ, ಹಾಗೆ.
"ಮನೆಗೆ ಒಯ್ದು ಬೆಳಕಲ್ಲಿ ನೋಡಿ ಅಕ್ಕ."

ಬೆಳಕಲ್ಲಿ ನೋಡಲು ನನಗೆಲ್ಲಿ ಪುರುಸೊತ್ತು?
ಐದೂವರೆಗೆ ಎದ್ದರೆ ಎಂಟರೊಳಗೆ
ಹನ್ನೊಂದು ಮಂದಿಗೆ ಅಕ್ಕಿರೊಟ್ಟಿ, ನಾಲ್ಕು ಡಬ್ಬಿ,
ಅತ್ತೆಗೆ ಬಿಸಿನೀರಿನ ಜೊತೆ ಒಂದು ಮಾತ್ರೆ,
ಯಾರದೋ ಕಾಣೆಯಾದ ಒಂಟಿ ಕಾಲುಚೀಲ.
ನಮ್ಮ ಅಡುಗೆಮನೆ ಒಂದು ಬಸ್ ಸ್ಟ್ಯಾಂಡು.
ಬಂದವರೆಲ್ಲ ಕಟ್ಟೆಯ ಮೇಲೆ
ಏನಾದರೊಂದು ಇಟ್ಟೇ ನಿಲ್ಲುತ್ತಾರೆ:
ಸ್ಕೂಟರಿನ ಕೀಲಿ, ಗೊಬ್ಬರದ ರಸೀದಿ,
ಕೋವಿ ಒರೆಸಿದ ಎಣ್ಣೆಬಟ್ಟೆ.

ಚೂರನ್ನು ಸಿಂಕಿನ ಪಕ್ಕ ಇಟ್ಟೆ.
ಯಾರಿಗೂ ಹೇಳಲಿಲ್ಲ.
ಪರೀಕ್ಷೆ ಅಂತ ಗೊತ್ತಾದರೆ
ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ.

ಮೊದಲು ಅರಿಸಿನ. ಅರ್ಧ ಹೋಯಿತು.
ಮರುದಿನ ಬೆಳ್ಯಪ್ಪ, ಆರು ವರ್ಷ,
ಸ್ಕೆಚ್ ಪೆನ್ನಲ್ಲಿ ಅದರ ಮೇಲೊಂದು ಆನೆ ಬರೆದ.
ಉಜ್ಜಿದೆ. ಸೊಂಡಿಲು ಉಳಿಯಿತು.
ನೂಪುಟ್ಟಿನ ಒರಳು ತಗುಲಿ ಒಂದು ಮೂಲೆ ಮುಕ್ಕಾಯಿತು,
ಇವರ ಕಾಫಿ ಲೋಟ, ನಾದಿನಿಯ ಕಣಿಲೆಯ ನೀರು...
ಆಮೇಲಿನ ಲೆಕ್ಕ ತಪ್ಪಿತು.

ಆಮೇಲೆ ಕಾಚಂಪುಳಿ.
ಅತ್ತೆ ಚೋಂದವ್ವ ಪಣಪುಳಿ ಗುಡ್ಡೆ ಹಾಕಿ,
ಸೋರಿದ ರಸವನ್ನು ಡಾಂಬರಿನ ಹಾಗೆ ಕಾಯಿಸಿ,
ಬ್ರಾಂದಿ ಬಾಟಲಿಗೆ ತುಂಬಿಟ್ಟದ್ದು.
ಹಂದಿ ಬೆಂದ ಕೊನೆಗೆ ಸುರಿದೆ.
ಬಾಟಲಿಯ ಕಂಠದಿಂದ ಜಾರಿ ಕಲ್ಲಿಗೆ ಬಿದ್ದದ್ದು
ಒಂದೇ ಒಂದು ತೊಟ್ಟು.
ಬೆಳಗ್ಗೆ ಒರೆಸಿದರೆ ಕಪ್ಪು ಪೂರ್ತಿ ಬಂತು.
ಕಲೆಯಾಗಿದ್ದರೆ ತೊಳೆಯಬಹುದಿತ್ತು.
ಅಲ್ಲಿ ಹೊಳಪೇ ಇರಲಿಲ್ಲ.
ಬೆರಳಿಗೆ ಬೆಕ್ಕಿನ ನಾಲಗೆ ಸಿಕ್ಕಿತು.

ಅಂಗಡಿಯವನಿಗೆ ಫೋನು ಹಚ್ಚಿದೆ.
"ಸೀಲರ್ ಹೊಡೆಸಿಕೊಡ್ತೇನೆ ಅಕ್ಕ, ವರ್ಷಕ್ಕೊಮ್ಮೆ ಸಾಕು.
ಹುಳಿ ಒಂದು ತಾಗಿಸಬೇಡಿ."
ಹುಳಿ ತಾಗಿಸಬಾರದಂತೆ!
ಮತ್ತೇನು, ಅದರ ಮುಂದೆ ಊದುಬತ್ತಿ ಹಚ್ಚಿಡಲೇ?

"ಕರಿ ಗ್ರಾನೈಟ್ ಹಾಕಿಸು," ಎಂದರು ಮುದ್ದಯ್ಯ,
ಪೇಪರಿನಿಂದ ಕಣ್ಣೆತ್ತದೆ. "ಏನು ಬಿದ್ದರೂ ಕಾಣುವುದಿಲ್ಲ."

ಕಿಟಕಿಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ
ಚೂರನ್ನು ಎತ್ತಿ ಕೆನ್ನೆಗೆ ಹಿಡಿದುಕೊಂಡರು.
ತಣ್ಣಗಿದೆ, ಎಂದರು. ಸ್ವಲ್ಪ ಹೊತ್ತು ಬಿಟ್ಟು,
"ಕಾಣುವುದಿಲ್ಲ ಅಂತಲೇ ನಾಲ್ವತ್ತು ವರ್ಷ
ಆ ಕರಿ ಕಟ್ಟೆಯನ್ನು ಉಜ್ಜಿದೆ.
ಕಾಣದ ಕೊಳೆ ಎಷ್ಟು ಉಜ್ಜಿದರೂ ಮುಗಿಯುವುದಿಲ್ಲ ಮಗಾ.
ಇದಾದರೆ, ಸಾಕು ನಿಲ್ಲಿಸು ಅಂತ ಹೇಳುತ್ತದೆ."

ನನಗೆ ಉತ್ತರ ಹೊಳೆಯಲಿಲ್ಲ.
ಅಷ್ಟರಲ್ಲಿ ಅವರ ಬೆರಳು ಆ ಒರಟಿಗೆ ಎಡವಿತು.
ಇದೇನು, ಎಂದರು. ಹೇಳಿದೆ.
ಎಂಬತ್ತೊಂದರ ಮುಖ ಅರಳಿತು:
"ಕಲ್ಲನ್ನೇ ತಿಂದಿದೆಯಾ! ಈ ಸಲದ್ದು
ಚೆನ್ನಾಗಿ ಇಳಿದಿದೆ, ನೋಡು."

ಮೂವತ್ತೆರಡು ಚದರಡಿ. ಕೈಲ್ ಮುಹೂರ್ತದ ಒಳಗೆ ಮುಗಿಯಬೇಕು.
ಕರಿಯದೇ ಕಳಿಸಿ, ಎಂದೆ.
"ಬಿಳಿ ಇಷ್ಟ ಅಂದಿದ್ರಿ ಅಕ್ಕ?"
ಇಷ್ಟವೇ.
ಇಷ್ಟವಾದದ್ದನ್ನು ಹನ್ನೊಂದು ಜೊತೆ ಕೈಗೆ ಒಪ್ಪಿಸಿ
ದಿನಾ ಬೈಯುತ್ತಾ ಬದುಕಲು ಮನಸ್ಸಾಗಲಿಲ್ಲ,
ಅದನ್ನು ಅವನಿಗೆ ಹೇಳಲೂ ಇಲ್ಲ.

ಸ್ಯಾಂಪಲ್ ವಾಪಸು ಹೋಗಲಿಲ್ಲ.
ಅತ್ತೆಯ ಬಾಟಲಿಗಳ ಪಕ್ಕದಲ್ಲಿದೆ, ಅವರ ಒರೆಗಲ್ಲು.
ಹೊಸ ಹುಳಿ ಇಳಿಸಿದಾಗೆಲ್ಲ ಒಂದು ತೊಟ್ಟು ಬಿಟ್ಟು
ಮಲಗಲು ಹೋಗುತ್ತಾರೆ.
ಪಕ್ಕದ ಮನೆಯವರದ್ದೂ ಒಂದು ತೊಟ್ಟು ತಂದು ನೋಡಿದರಂತೆ,
ಸುಮ್ಮನೆ ನಕ್ಕರು, ಏನೂ ಹೇಳಲಿಲ್ಲ.

ಕರಿಕಲ್ಲು ಕೂತಿದೆ, ಮಿರಮಿರ, ಒಂದು ಚುಕ್ಕೆಯಿಲ್ಲ.
ರಾತ್ರಿ ಎಲ್ಲರೂ ಮಲಗಿದ ಮೇಲೆ
ನೀರು ಕುಡಿಯಲು ಬಂದು ಮೊಣಕೈ ಊರುತ್ತೇನೆ.
ಅಂಟುತ್ತದೆ.
ದೀಪ ಹಾಕಿ ಬಗ್ಗಿ ಹುಡುಕುತ್ತೇನೆ, ಎಲ್ಲಿ ಅಂತ.