ಮುಂದಿನವನನ್ನು ದಾಟಬಾರದು

ದುಲೂತ್‌ನಲ್ಲಿ ಅಕ್ಟೋಬರ್ ಎಂದರೆ ಸರೋವರದ ಗಾಳಿ
ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ.
ತಳ್ಳಿಕೊಂಡು ಬಂದವರಿಗೆ ಮೊದಲು ಕರಿದ ಮೀನಿನ ವಾಸನೆ,
ಆಮೇಲೆ ಆರ್ವಿಡ್‌ನ ದನಿ:
"ಬರೆದಿಟ್ಟುಕೊಳ್ಳಿ, ಆವತ್ತು ಅವನನ್ನು ಔಟ್ ಮಾಡಿದ್ದು
ಅಂಪೈರ್ ಅಲ್ಲ. ನಾವು."

ಇಪ್ಪತ್ತೆಂಟು ವರ್ಷದಿಂದ ಇದೇ ಮಾತು.
ಪ್ಲೇಆಫ್ ಶುರುವಾದರೆ ಸಾಕು,
ಹಳೇ ಹಲ್ಲುನೋವಿನ ಹಾಗೆ ಎದ್ದು ಕೂರುತ್ತದೆ.
ಗ್ಲಾಸು ತೊಳೆಯುತ್ತ ಕೇಳುತ್ತೇನೆ.
ನನಗದು ಬಾಯಿಪಾಠ. ಆ ಆಟ ನಾನು ನೋಡಿಯೇ ಇಲ್ಲ.

ಒಂಬತ್ತನೇ ಇನ್ನಿಂಗ್ಸಿನ ಕೊನೆ, ಒಬ್ಬ ಔಟ್,
ನಮ್ಮವರು ಒಂದೇ ಒಂದು ರನ್ ಹಿಂದೆ.
ಮೊದಲ ಬೇಸಿನಲ್ಲಿ ಎಸ್ಟೆಬಾನ್.
ಬ್ಯಾಟು ಹಿಡಿದವನು ಪಿಂಕ್ನಿ,
ಆ ವಾರವಿಡೀ ಗಾಳಿಯನ್ನಷ್ಟೇ ಬಡಿದವನು.
ಹೊಡೆದ.
ಗೋಡೆಯ ಬಳಿ ಒಬ್ಬ ಜಿಗಿದ. ಕೈಗವಸಿಗೆ ಚೆಂಡು ಬಂದಿತ್ತು,
ಹಿಡಿದನೆಂದೇ ಎಸ್ಟೆಬಾನ್ ತಿರುಗಿ ಮೊದಲ ಬೇಸಿಗೆ ಓಡಿದ.
ಚೆಂಡು ಕೈಗವಸಿಂದ ಪುಟಿದು ಗೋಡೆಯಾಚೆ ಬಿತ್ತು.
ನಲವತ್ತು ಸಾವಿರ ಜನ ಒಟ್ಟಿಗೆ ಎದ್ದರು.

ಇಲ್ಲಿ ಆರ್ವಿಡ್ ನಿಲ್ಲಿಸುತ್ತಾನೆ. ಬಿಯರಿನ ನೊರೆ ಒರೆಸಿಕೊಳ್ಳುತ್ತಾನೆ.
"ಅದು ಸದ್ದಲ್ಲ ಮಾರಾಯಾ, ಗೋಡೆ.
ಪಕ್ಕದವಳು ನನ್ನ ತೋಳು ಕಚ್ಚಿದ್ದಳು, ಗೊತ್ತಾಗಿದ್ದು ಮಾರನೇ ದಿನ.
ಮೊದಲ ಬೇಸಿನ ಕೋಚು 'ನಿಲ್ಲು, ನಿಲ್ಲು' ಎಂದು ಗಂಟಲು ಹರಿದುಕೊಂಡ.
ಪಿಂಕ್ನಿಗೆ ಕೇಳಿದ್ದು ನಾನು."

ತಲೆ ತಗ್ಗಿಸಿ ಓಡಿದ ಪಿಂಕ್ನಿ
ಎದುರು ಬಂದ ಎಸ್ಟೆಬಾನನನ್ನು ದಾಟಿಬಿಟ್ಟ.

"ಮುಂದಿನವನನ್ನು ದಾಟಬಾರದು," ಎನ್ನುತ್ತಾಳೆ ಲವಾನ್,
ಹುಡುಗಿಯರ ಆಟಕ್ಕೆ ಹತ್ತೊಂಬತ್ತು ವರ್ಷ ಅಂಪೈರಾಗಿದ್ದವಳು,
ಸಿಟ್ಟು ಬಂದ ಅಪ್ಪಂದಿರನ್ನು ಪಾರ್ಕಿಂಗ್ ಲಾಟ್ ತನಕ ಅಟ್ಟಿದವಳು.
ಉಪ್ಪಿನ ಡಬ್ಬಿ ಎಸ್ಟೆಬಾನ್, ಸಾಸಿವೆ ಸೀಸೆ ಪಿಂಕ್ನಿ;
ಸೀಸೆ ಡಬ್ಬಿಯನ್ನು ದಾಟುತ್ತದೆ, ಅವಳ ಹೆಬ್ಬೆರಳು ಮೇಲೇಳುತ್ತದೆ.
"ಸೀಸೆ ಔಟ್. ಡಬ್ಬಿ ಮನೆಗೆ. ಎರಡು ಬರಬೇಕಾದಲ್ಲಿ ಒಂದೇ ರನ್.
ಕಿವಿ ಕೇಳಿಸದಿದ್ದರೇನಂತೆ, ಕಣ್ಣಿತ್ತಲ್ಲ?"

ಸಮ ಆಯಿತು. ಹನ್ನೊಂದನೇ ಇನ್ನಿಂಗ್ಸಿನಲ್ಲಿ ಸೋತರು.
ಮನೆವರೆಗೂ ಕಾರಿನಲ್ಲಿ ಯಾರೂ ರೇಡಿಯೋ ಹಾಕಲಿಲ್ಲವಂತೆ.

ಟೊಯ್ವೊ ಇದಕ್ಕೆಲ್ಲ ಏನೂ ಹೇಳುವುದಿಲ್ಲ.
ಅವತ್ತು ಆರ್ವಿಡ್‌ನ ಬಲಕ್ಕೆ ಕೂತಿದ್ದವನು ಅವನೇ,
ಮೂವರಲ್ಲಿ ಹೆಚ್ಚು ಗಂಟಲಿದ್ದವನು.
ಈಗ ಕೊರಳಲ್ಲಿ ತೂತು, ಕಿಸೆಯಲ್ಲಿ ಗುಂಯ್‌ಗುಡುವ ಯಂತ್ರ.
ಅದನ್ನು ಹೊರತೆಗೆಯುವುದು ಬಿಲ್ ಕೇಳಲಿಕ್ಕೆ ಮಾತ್ರ.

ನಿನ್ನೆ ರಾತ್ರಿ ಟಿವಿಯಲ್ಲಿ ಮತ್ತೆ ಒಬ್ಬ ಔಟ್,
ಮೊದಲ ಬೇಸಿನಲ್ಲಿ ಒಬ್ಬ ಎಳೇ ಹುಡುಗ, ಗಡ್ಡ ಸರಿಯಾಗಿ ಬಂದಿಲ್ಲ.
ಚೆಂಡು ಎದ್ದಿತು, ಎತ್ತರಕ್ಕೆ, ಅದೇ ಗೋಡೆಯ ಕಡೆಗೆ ಎಂಬಂತೆ.
ಆರ್ವಿಡ್ ಬಾಯಿ ತೆರೆದ—
ಟೊಯ್ವೊ ಅವನ ಬಾಯಿಗೆ ಅಂಗೈ ಇಟ್ಟ.

ಯಾರೂ ಹೇಳಲಿಲ್ಲ, ಆದರೂ ಎಲ್ಲರೂ ಸುಮ್ಮನಾದೆವು.
ಲವಾನ್ ಫೋರ್ಕು ಎತ್ತಿದಲ್ಲೇ ನಿಲ್ಲಿಸಿದಳು,
ನಾನು ನಲ್ಲಿ ಕಟ್ಟಿದೆ,
ಮೂಲೆ ಮೇಜಿನ ಹಡಗಿನ ಹುಡುಗರೂ, ಯಾಕೆಂದು ತಿಳಿಯದೆ,
ಇಸ್ಪೀಟು ಕೆಳಗಿಟ್ಟರು.
ಆಟ ನಡೆಯುತ್ತಿದ್ದುದು ನೂರೈವತ್ತು ಮೈಲಿ ದೂರದಲ್ಲಿ.
ಇಲ್ಲಿ ಹುರಿಯುವ ಎಣ್ಣೆಯ ಸದ್ದೂ ಹೆಚ್ಚೆನಿಸಿತು.

ಚೆಂಡನ್ನು ಹಿಡಿದರು. ಸುಲಭದ ಕ್ಯಾಚು.
ಹುಡುಗ ಆತುರಪಡದೆ ಹಿಂದಿರುಗಿ
ಬೇಸಿನ ಮೇಲೆ ಕಾಲಿಟ್ಟು ಕೈಗವಸು ಸರಿಮಾಡಿಕೊಂಡ.

"ನೋಡಿದಿರಾ," ಎಂದಳು ಲವಾನ್.
ಆರ್ವಿಡ್ ಅಂಗೈಯನ್ನು ಸರಿಸಿ, "ಟಾರ್ಟರ್ ಸಾಸು ತಿಂದ ಕೈ," ಎಂದು ಉಗಿದ.
ಟೊಯ್ವೊ ಕಿಸೆಗೆ ಕೈ ಹಾಕಿ ಯಂತ್ರ ತೆಗೆದು
ಕೊರಳಿಗೆ ಒತ್ತಿಕೊಂಡ.
ಬಿಲ್ಲಿಗಿರಬೇಕೆಂದು ಚೀಟಿ ಹರಿದೆ.

"ನಾನೂ," ಎಂದಿತು ಯಂತ್ರ, "ಕೂಗಿದ್ದೆ."