ಏಳು ಬಣ್ಣದ ಆರ್ಡರ್

ಭಾಲ್ಕಿಯಿಂದ ಬಂದಿದ್ದರು ಪ್ರಭಾವತಿ ಟೀಚರು.
ಬ್ಯಾಗಿನಿಂದ ತೆಗೆದದ್ದು
ಹಳೆಯ ಕ್ಯಾಲೆಂಡರಿನ ಆಗಸ್ಟ್ ತಿಂಗಳು.
ಮೂಲೆಯಲ್ಲಿ ಮೊಳೆಯ ತುಕ್ಕು,
ನಡುವೆ ಒಂದು ಹಕ್ಕಿ, ಹಿಡಿ ತುಂಬದು:
ತಲೆ ಎಳೆ ನಿಂಬೆಯ ಹಸಿರು,
ಎದೆ ಗ್ಯಾಸಿನ ಉರಿಯ ನೀಲಿ, ಬೆನ್ನು ಕಾಡಿಗೆ,
ಸೊಂಟದ ಹತ್ತಿರ ಯಾರೋ
ಕುಂಕುಮದ ಬೆರಳು ಒರೆಸಿಕೊಂಡ ಹಾಗೆ.

"ಇದು ಟ್ಯಾನೇಜರ್," ಅಂದರು.
ಲಾಡ್ಲೇಸಾಬ್ ಕಾಕಾ ಕನ್ನಡಕ ಏರಿಸಿದ:
"ಯಾವ ಬ್ಯಾಂಕಿಂದ್ರಿ?"

ನಕ್ಕು ನಕ್ಕು
ನನ್ನ ಕೈಯ ಬೆಳ್ಳಿ ತಂತಿ ಸುರುಳಿ ಬಿಚ್ಚಿತು.
ಟೀಚರು ಮಾತ್ರ ನಗಲಿಲ್ಲ.
"ಅಮೆಜಾನ್ ಕಾಡಿನ ತುತ್ತತುದಿಗೆ ಇರ್ತದ,
ನೆಲಕ್ಕ ಇಳಿಯೋದ ಅಪರೂಪ.
ಮೂವತ್ತೊಂದು ವರ್ಷ ಪಾಠ ಮಾಡೀನಿ ಹಕ್ಕಿಗಳದ್ದು.
ನೋಡಿಲ್ಲ. ನೋಡೋದೂ ಇಲ್ಲ.
ಒಂದು ತಟ್ಟೆ ಮ್ಯಾಲ ಕೂಡಿಸಿ ಕೊಡ್ರಿ."

ಕಾಕಾ ಚಿತ್ರವನ್ನು ಬೆಳಕಿಗೆ ಹಿಡಿದ, ತಿರುಗಿಸಿದ,
ಬೆನ್ನಿಗೆ ಏಕಾದಶಿ, ರಾಹುಕಾಲ.
"ಟೀಚರ್‌ಬಾಯಿ, ನಿಮ್ಮ ಹಕ್ಕಿಗಿ ಏಳು ಬಣ್ಣ,
ನನ್ನ ಹತ್ರ ಇರೋವು ಎರಡು.
ಒಂದು ಬೆಳ್ಳಿ. ಇನ್ನೊಂದು ಕಿಲ್ಲಾದ ಮಣ್ಣು."

ನಿಜ. ನಮ್ಮ ಅಂಗಡಿಯಲ್ಲಿ ನೀಲಿ ಇದ್ದದ್ದು ಒಂದೇ ಡಬ್ಬಿಯಲ್ಲಿ,
ಮೈಲುತುತ್ತದ ಹರಳು. ಹೆಸರಲ್ಲಿ ನವಿಲು,
ನೀರಲ್ಲಿ ಕದಡಿ ಸತುವಿಗೆ ಸವರಿದರೆ
ನೀಲಿ ಸತ್ತು ಕಪ್ಪು ಹುಟ್ಟುತ್ತದೆ,
ಉಳಿಯ ಗೆರೆ ಕಣ್ಣಿಗೆ ಕಾಣುವಷ್ಟು ದಿನ ಮಾತ್ರ.

ಅದನ್ನೇ ನೋಡುತ್ತ ನಿಂತರು ಟೀಚರು.
"ಹಕ್ಕಿಯೊಳಗ ಉಲ್ಟಾ ನೋಡ್ರಿ.
ಆ ನೀಲಿ ಗರಿಯಾಗ ನೀಲಿ ಬಣ್ಣನ ಇಲ್ಲ.
ಅರೆದರ ಕಂದು ಪುಡಿ.
ಬೆಳಕು ಬಂದು ಗರಿಯ ಸಂದಿನಾಗ ಸಿಕ್ಕೊಂಡು
ನೀಲಿ ಆಗಿ ಹೊರಗ ಬೀಳ್ತದ.
ಅದು ಎದ್ದು ಕಾಣಲಿ ಅಂತ
ಕೆಳಗ ಕಪ್ಪು ಹಾಸಿರ್ತದ.
ಹಳದಿ ಇದ್ದಲ್ಲಿ ಅಡಿಗೆ ಬಿಳಿ."

ಕಾಕಾ ಬೀಡಿ ಆರಿಸಿದ.
"ಕರೀದು, ಬಿಳೀದು?"
"ಹೂಂ."
"ಮ್ಯಾಲಿಂದು ಬರೇ ಬೆಳಕು?"
"ಹೆಚ್ಚುಕಡಿಮಿ."

ಬಹಳ ಹೊತ್ತು ಮಾತಿಲ್ಲ.
ಹೊರಗೆ ಚೌಬಾರದ ಕಡೆಯಿಂದ
ಗ್ಯಾಸ್ ಸಿಲಿಂಡರಿನ ಗಾಡಿ ಬಡಿದುಕೊಂಡು ಹೋಯಿತು.

"ಇವರ ಮನೆತನದಾಗ ಎಲ್ಲಾರೂ ಹಿಂಗ ರಂಗುರಂಗೇನು?"
"ಇಲ್ಲರಿ. ಕಡಲ ನಡುವಿನ ಬೋಳು ದ್ವೀಪದಾಗ
ಮಸಿ ಬಡಿದಂಥಾ ಕಾಳು ತಿನ್ನೋ ಹಕ್ಕಿ ಅವ,
ಖಾಸಾ ಸಂಬಂಧಿಕರು."
"ಹಂಗಾದ್ರ ಒಬ್ಬಾತ ಬೀದರದಾಗೂ ಇರಲಿ,"
ಅಂದ, ಅಡ್ವಾನ್ಸ್ ಎಷ್ಟು ಅಂತ ಹೇಳದೆ
ತಟ್ಟೆ ಎಳೆದುಕೊಂಡ.

ಹದಿನೇಳು ದಿನ.
ಎದೆಯ ಗರಿ ಕೊರೆಯುವಾಗ ಕಾಕಾ ಉಸಿರು ಹಿಡಿಯುತ್ತಿದ್ದ,
ಒಂದೊಂದು ಗೆರೆಗೂ ನಾನು ತಂತಿ ಕೂರಿಸಿ ಬಡಿದೆ,
ಹಸಿರಿಗೆ ದಟ್ಟ, ನೀಲಿಗೆ ತೆಳ್ಳಗೆ,
ಕೆಂಪಿಗೆ ಏನೂ ಇಲ್ಲ, ಬಿಟ್ಟ ಜಾಗ.
ಕೊನೆಗೆ ಮಣ್ಣು. ನಾಲಿಗೆ ತುದಿಗೆ ಇಟ್ಟು ನೋಡಿದ,
"ಉಗ್ರ ಅದ," ಅಂದ, ನವಸಾಗರ ಬೆರೆಸಿ
ಬಿಸಿ ತಟ್ಟೆಗೆ ಸವರಿದ.
ಇಡೀ ಕಾಡು ಒಂದೇ ಸಲ ಕತ್ತಲಾಯಿತು,
ಹಕ್ಕಿ ಉಳಿಯಿತು.

ಟೀಚರು ಶನಿವಾರದ ಬಸ್ಸಿಗೆ ಬಂದರು.
ಕಡಲೆಣ್ಣೆ ಒರೆಸಿ ಕೊಟ್ಟೆ.
ಬಾಗಿಲಿಗೆ ಒಯ್ದು ವಾಲಿಸಿದರು, ಮತ್ತೆ ವಾಲಿಸಿದರು.
"ಕೊಕ್ಕು ಉದ್ದ ಆಗ್ಯಾದ."
"ಅದು ನಮ್ಮ ಓಣಿಯ ಪಿಕಳಾರಂದು," ಕಾಕಾ ತಲೆ ಕೆರೆದ,
"ಫೋಟೋದಾಗ ಅಲ್ಲೇ ಮಡಿಕಿ ಬಿದ್ದಿತ್ತ."

ಅವರು ರೊಕ್ಕ ಎಣಿಸಿದರು, ಪೂರಾ.
ಸುತ್ತಲಿಕ್ಕೆ ಕಾಗದ ಹುಡುಕಿದೆ;
ಅವರೇ ಆಗಸ್ಟ್ ತಿಂಗಳನ್ನು ಮುಂದೆ ಚಾಚಿದರು,
ಆಮೇಲೆ ಯಾಕೋ ಹಿಂದೆಗೆದು
ಸೀರೆಯ ಸೆರಗಲ್ಲೇ ಸುತ್ತಿಕೊಂಡರು.

ರಾತ್ರಿ ಹಿಟ್ಟು ನಾದುವಾಗ ಕಂಡೆ,
ಹೆಬ್ಬೆರಳಿನ ಉಗುರಿನ ಬುಡದಲ್ಲಿ ಮೈಲುತುತ್ತ,
ಒಂದು ಕಡೆ ಕಪ್ಪು, ಅಂಚಿಗೆ ಇನ್ನೂ ನೀಲಿ.
ಬಲ್ಬಿಗೆ ಹಿಡಿದು
ಒಂದಿಷ್ಟು ವಾಲಿಸಿ ನೋಡಿದೆ.
ಹಂಚು ಕಾಯ್ದು ಹೊಗೆಯಾಡುತ್ತಿತ್ತು.